ನಡುಗಡಲಲ್ಲಿ ಸಾಮಾನು ಕೆಟ್ಟರೆ: ಮೈಸೂರು, ಮಂಡ್ಯ ಕಡೆಯಿಂದ ಹಾಯಿದೋಣಿ ಹತ್ತುವವರಿಗೆ

ದಡದಿಂದ 500 ನಾಟಿಕಲ್ ಮೈಲಿ ಆಚೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಯಂತ್ರ) ಬೆಲ್ಟ್ ಹರಿದರೆ ಅದು ಬರೀ ಬೆಲ್ಟಿನ ತೊಂದರೆಯಾಗಿ ಉಳಿಯುವುದು ಅರ್ಧ ದಿನ. ಆಮೇಲೆ ಬ್ಯಾಟರಿ ಇಳಿಯುತ್ತದೆ. ಬ್ಯಾಟರಿ ಇಳಿದರೆ ತಾನಾಗಿ ಚುಕ್ಕಾಣಿ ನಡೆಸುವ ಆಟೋಪೈಲಟ್ ನಿಲ್ಲುತ್ತದೆ. ಇರುವ ಇಬ್ಬರೋ ಮೂವರೋ ಹಗಲೂ ರಾತ್ರಿ ಪಾಳಿ ಹಾಕಿಕೊಂಡು ಚುಕ್ಕಾಣಿ ಹಿಡಿಯಬೇಕಾಗುತ್ತದೆ. ಎರಡನೇ ರಾತ್ರಿ ನಿದ್ದೆಗೆಟ್ಟವರು ಗಾಳಿ ಏರಿದ್ದನ್ನು ತಡವಾಗಿ ಗಮನಿಸುತ್ತಾರೆ, ಹಾಯಿ ಇಳಿಸುವಷ್ಟರಲ್ಲಿ ಅದು ಹರಿದಿರುತ್ತದೆ. ಕೆಲವು ನೂರು ರೂಪಾಯಿಯ ಬೆಲ್ಟು ಕೊನೆಗೆ ಹಾಯಿಯನ್ನೇ ತಿಂದುಹಾಕಿತು. ಕಡಲಲ್ಲಿ ರಿಪೇರಿಯ ಮೊದಲ ಗುರಿ, ಕೆಟ್ಟದ್ದು ಇನ್ನೊಂದನ್ನು ಕೆಡಿಸದ ಹಾಗೆ ಅಲ್ಲಿಗೇ ನಿಲ್ಲಿಸುವುದು. ಹೊಸದರಂತೆ ಮಾಡುವುದೆಲ್ಲ ಬಂದರು ಸೇರಿದ ಮೇಲೆ.

ಗೋವಾ, ಕೊಚ್ಚಿ ಅಥವಾ ಮುಂಬೈಗೆ ಹೋಗಿ ಯಾರದಾದರೂ ದೋಣಿಗೆ ಕ್ರೂ ಆಗಿ ಸೇರುವವರನ್ನು, ಸ್ವಂತ ದೋಣಿ ಕೊಳ್ಳುವ ಯೋಚನೆಯಲ್ಲಿರುವವರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇವೆ. ಮೂವತ್ತರಿಂದ ನಲವತ್ತೈದು ಅಡಿಯ, ಒಂದೇ ಮಾಸ್ಟ್ (ಹಾಯಿ ಕಂಬ) ಇರುವ, ಒಳಗೆ ಚಿಕ್ಕ ಡೀಸೆಲ್ ಎಂಜಿನ್ ಇರುವ ದೋಣಿಯನ್ನು ಲೆಕ್ಕಕ್ಕೆ ಹಿಡಿದಿದ್ದೇವೆ. ಇಂಥ ದೋಣಿ ಒಳ್ಳೆಯ ಗಾಳಿಯಲ್ಲಿ ದಿನಕ್ಕೆ 120ರಿಂದ 150 ನಾಟಿಕಲ್ ಮೈಲಿ ಸಾಗುತ್ತದೆ. ಅಂದರೆ ಐನೂರು ಮೈಲಿ ದೂರದ ಬಂದರು ನಾಲ್ಕು ದಿನದ ಹಾದಿ. ಆ ನಾಲ್ಕು ದಿನ ದೋಣಿಯಲ್ಲಿ ಇರುವುದರಲ್ಲೇ ನಡೆಯಬೇಕು.

ಮಂಡ್ಯದವರಿಗೆ ಒಂದು ಮಾತು. ಡೀಸೆಲ್ ಪಂಪ್‌ಸೆಟ್ ಬಿಚ್ಚಿ ಜೋಡಿಸಿ ಗೊತ್ತಿರುವವರು ದೋಣಿಯ ಎಂಜಿನ್ ಕೋಣೆಯಲ್ಲಿ ಹೊಸಬರಲ್ಲ. ಡೀಸೆಲ್ ಪೈಪಿಗೆ ಹೊಕ್ಕ ಏರ್ ತೆಗೆಯುವುದು, ಗ್ಲ್ಯಾಂಡ್ ಪ್ಯಾಕಿಂಗ್ (ಶಾಫ್ಟ್ ಸುತ್ತ ನೀರು ಸೋರದಂತೆ ತುಂಬುವ ಹುರಿ) ಬದಲಿಸುವುದು, ಪಂಪ್ ನೀರು ಎತ್ತದಿದ್ದಾಗ ಗಾಳಿ ಎಲ್ಲಿಂದ ಎಳೆಯುತ್ತಿದೆ ಎಂದು ಹುಡುಕುವುದು, ಇವೆಲ್ಲ ಅಲ್ಲೂ ಅದೇ. ಹೊಸದಾಗಿ ಸೇರುವುದು ಉಪ್ಪು ಮತ್ತು ಅಲುಗಾಟ ಎರಡೇ.

ಊರಲ್ಲೇ ಹೊಂದಿಸಿಕೊಳ್ಳುವುದು

ದೋಣಿಗೆಂದೇ ಮಾಡಿದ ಸಾಮಾನು ಮೈಸೂರಲ್ಲಿ ಸಿಗುವುದಿಲ್ಲ. ಆದರೆ ಬೇಕಾದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ದೋಣಿಗೆಂದೇ ಮಾಡಿದ್ದಾಗಿರಬೇಕಿಲ್ಲ.

ಮೊದಲು ದೋಣಿಯ ಎಂಜಿನ್ ಮಾದರಿ ನಂಬರ್ ತರಿಸಿಕೊಳ್ಳಿ. ವಿ-ಬೆಲ್ಟ್, ಡೀಸೆಲ್ ಫಿಲ್ಟರ್, ಆಯಿಲ್ ಫಿಲ್ಟರ್‌ಗಳಿಗೆ ಸರಿಹೊಂದುವ ನಂಬರ್ ಟ್ರ್ಯಾಕ್ಟರ್, ಆಟೊ ಬಿಡಿಭಾಗದ ಅಂಗಡಿಗಳಲ್ಲಿ ಎಷ್ಟೋ ಸಲ ಸಿಗುತ್ತದೆ. ಬೆಲ್ಟ್ ಮೂರು, ಡೀಸೆಲ್ ಫಿಲ್ಟರ್ ಕನಿಷ್ಠ ಆರು ಇರಲಿ. ಏರ್ ಬಿಡುವ ಬ್ಲೀಡ್ ಸ್ಕ್ರೂ, ಡೀಸೆಲ್ ಪೈಪ್ ಕೂಡಿಸುವ ಬ್ಯಾಂಜೋ ಬೋಲ್ಟ್‌ಗಳ ತಾಮ್ರದ ವಾಷರ್ ಎಲ್ಲ ಅಳತೆಯಲ್ಲೂ ಒಂದೊಂದು ಪೊಟ್ಟಣ. ಮುಗಿದರೆ ಹಳೆಯದನ್ನೇ ಗ್ಯಾಸ್ ಉರಿಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ, ತಾಮ್ರ ಮತ್ತೆ ಮೆದುವಾಗುತ್ತದೆ, ಇನ್ನೊಂದು ಸಲ ಕೂರುತ್ತದೆ. ಸಮುದ್ರದ ನೀರೆಳೆಯುವ ಪಂಪಿನ ರಬ್ಬರ್ ಇಂಪೆಲ್ಲರ್ (ಒಳಗೆ ತಿರುಗುವ ರೆಕ್ಕೆಚಕ್ರ) ಮಾತ್ರ ಅದೇ ಪಂಪಿನದೇ ಆಗಬೇಕು. ಅದನ್ನು ಮೊದಲೇ ತರಿಸಿ, ಮೂರಕ್ಕೆ ಕಡಿಮೆ ಬೇಡ.

ಸ್ಟೇನ್‌ಲೆಸ್ ಸಾಮಾನು ಕೊಳ್ಳುವಾಗ ಹುಷಾರು. ಅಂಗಡಿಯಲ್ಲಿ ‘ಎಸ್ಸೆಸ್’ ಅಂದರೆ ಸಾಮಾನ್ಯವಾಗಿ 304 ದರ್ಜೆಯ ಉಕ್ಕು, ಕೆಲವೊಮ್ಮೆ 202. ಉಪ್ಪುನೀರಿಗೆ ಬೇಕಾದ್ದು 316. ಅಯಸ್ಕಾಂತ ಹಿಡಿದರೆ 304ಕ್ಕೂ 316ಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ, ಆದ್ದರಿಂದ ಹೆಬ್ಬಾಳ್ ಕೈಗಾರಿಕಾ ಪ್ರದೇಶದ ಲೇತ್‌ನಲ್ಲಿ ಪಿನ್ ಮಾಡಿಸುವುದಾದರೆ ಸರಳಿನ ಮೆಟೀರಿಯಲ್ ಸರ್ಟಿಫಿಕೇಟ್ ಕೇಳಿಯೇ ಮಾಡಿಸಿ. ಅಯಸ್ಕಾಂತದ ಉಪಯೋಗ ಇರುವುದು ಹೋಸ್ ಕ್ಲಿಪ್‌ಗಳಲ್ಲಿ: ಪಟ್ಟಿ ಸ್ಟೇನ್‌ಲೆಸ್ ಇದ್ದು ಸ್ಕ್ರೂ ಮಾತ್ರ ಪಾಲಿಶ್ ಹಾಕಿದ ಕಬ್ಬಿಣ ಆಗಿರುವುದು ಬಹಳ. ಅಯಸ್ಕಾಂತ ಸ್ಕ್ರೂಗೆ ಗಟ್ಟಿಯಾಗಿ ಅಂಟಿದರೆ ಆ ಕ್ಲಿಪ್ ವಾಪಸ್ ಕೊಡಿ.

ಹಲ್, ಅಂದರೆ ದೋಣಿಯ ಹೊರಮೈಯಲ್ಲಿ ಎಷ್ಟು ತೂತುಗಳಿವೆಯೋ, ಅಂದರೆ ಎಂಜಿನ್ ನೀರು, ಟಾಯ್ಲೆಟ್, ಸಿಂಕ್‌ನ ಸೀಕಾಕ್‌ಗಳು (ನೀರು ಬಿಡುವ, ಮುಚ್ಚುವ ಕವಾಟಗಳು), ಅಷ್ಟಕ್ಕೂ ಒಂದೊಂದು ಮರದ ಬಿರಟೆ ಬೇಕು. ಒಂದು ತುದಿ ತೂತಿಗಿಂತ ಸಣ್ಣ, ಇನ್ನೊಂದು ತುದಿ ದಪ್ಪ, ಉದ್ದ ಒಂದು ಗೇಣು. ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುವವರು ಬಳಸುವ ಹಾಲೆ ಮರ ಇದಕ್ಕೆ ಸೊಗಸಾಗಿ ಹೊಂದುತ್ತದೆ. ಅರಗಿನ ಬಣ್ಣ ಮಾತ್ರ ಹಚ್ಚಿಸಬೇಡಿ. ಒಣ ಮರ ನೀರು ಕುಡಿದು ಉಬ್ಬಿದರೇ ತೂತು ಬಿಗಿಯಾಗುವುದು. ಪ್ರತಿ ಬಿರಟೆಯನ್ನೂ ಅದರ ಸೀಕಾಕ್ ಪಕ್ಕದಲ್ಲೇ ದಾರದಿಂದ ಕಟ್ಟಿಡಿ. ಕತ್ತಲಲ್ಲಿ ಮೊಣಕಾಲುದ್ದ ನೀರಿನಲ್ಲಿ ಡಬ್ಬ ಹುಡುಕುವ ಪರಿಸ್ಥಿತಿ ಬರಬಾರದು.

ಉಳಿದದ್ದು ಹೀಗೆ: ಹಳೆಯ ಸೈಕಲ್ ಟ್ಯೂಬ್ ನಾಲ್ಕೈದು, ಉದ್ದುದ್ದ ಪಟ್ಟಿ ಕತ್ತರಿಸಿ (ಸೋರುವ ಹೋಸ್‌ಗೆ ಎಳೆದೆಳೆದು ಸುತ್ತಲು ಇದಕ್ಕಿಂತ ಒಳ್ಳೆಯದು ಕಂಡಿಲ್ಲ), ಎಂ-ಸೀಲ್ ತರದ ಎಪಾಕ್ಸಿ ಪುಟ್ಟಿ, ಕೆ.ಆರ್. ಆಸ್ಪತ್ರೆ ಸುತ್ತಮುತ್ತಲಿನ ಸರ್ಜಿಕಲ್ ಅಂಗಡಿಯಿಂದ ದಪ್ಪ ಲೇಟೆಕ್ಸ್ ಟ್ಯೂಬ್ ಐದು ಮೀಟರ್, ಇಂಚಿಗೆ 24 ಹಲ್ಲಿನ ಬೈ-ಮೆಟಲ್ ಹ್ಯಾಕ್ಸಾ ಬ್ಲೇಡ್ ಎರಡು ಡಜನ್, ಎರಡು ಮಲ್ಟಿಮೀಟರ್. ಎರಡೇಕೆ ಎಂದರೆ ಮೊದಲು ನೀರಿಗೆ ಬೀಳುವುದು ಅದೇ.

ಸಾಮಾನು ಕೊಂಡರೆ ಸಾಲದು, ಕೈಗೆ ಅಭ್ಯಾಸ ಬೇಕು. 8 ಮಿ.ಮೀ. ಡೈನೀಮಾ (ಉಕ್ಕಿನ ತಂತಿಯಷ್ಟು ಬಲದ ಸಿಂಥೆಟಿಕ್) ಹಗ್ಗ ತಂದು ಮನೆಯಲ್ಲಿ ಸಂಜೆ ಹೊತ್ತು ತುದಿ ಹೆಣೆಯುವುದನ್ನು ಕಲಿಯಿರಿ. ಡೈನೀಮಾ ನುಣುಪು, ಮಾಮೂಲಿ ಗಂಟು ಭಾರಕ್ಕೆ ಜಾರುತ್ತದೆ. ಹಗ್ಗದ ತುದಿಯನ್ನು ಅದರ ಹೊಟ್ಟೆಯೊಳಗೇ ತೂರಿಸಬೇಕು, ತೂರಿಸಿದ ಉದ್ದ ಹಗ್ಗದ ದಪ್ಪದ 72 ಪಟ್ಟು ಇರಬೇಕು. 8 ಮಿ.ಮೀ. ಹಗ್ಗಕ್ಕೆ ಅದು ಸುಮಾರು 58 ಸೆಂ.ಮೀ.

ಮೊದಲ ಹತ್ತು ನಿಮಿಷ

ಏನೋ ಟಪ್ ಎಂದಿತು, ಅಥವಾ ಎಂಜಿನ್ ನಿಂತಿತು, ಅಥವಾ ನೆಲದ ಹಲಗೆ ತೇಲುತ್ತಿದೆ. ಸ್ಪ್ಯಾನರ್ ಎತ್ತಿಕೊಳ್ಳುವ ಮೊದಲು ಮೂರು ಕೆಲಸ. ಎಲ್ಲರೂ ದೋಣಿಯಲ್ಲೇ ಇದ್ದಾರಾ, ಯಾರಿಗಾದರೂ ಪೆಟ್ಟಾಗಿದೆಯಾ ನೋಡಿ. ಬಿಲ್ಜ್‌ನಲ್ಲಿ, ಅಂದರೆ ನೆಲದ ಹಲಗೆ ಕೆಳಗಿನ ತಳದಲ್ಲಿ, ನೀರು ಏರುತ್ತಿದೆಯಾ ನೋಡಿ. ಬೆರಳದ್ದಿ ನಾಲಿಗೆಗೆ ಇಟ್ಟರೆ ಉಪ್ಪೋ ಸಿಹಿಯೋ ತಿಳಿಯುತ್ತದೆ, ಸಿಹಿಯಾದರೆ ಕುಡಿಯುವ ನೀರಿನ ಟ್ಯಾಂಕ್ ಒಡೆದಿದೆ ಎಂದರ್ಥ, ದೋಣಿ ಮುಳುಗುತ್ತಿಲ್ಲ. ಮೂರನೆಯದು, ದೋಣಿಯನ್ನು ನಿಲ್ಲಿಸಿ.

ನಿಲ್ಲಿಸುವ ವಿಧಾನಕ್ಕೆ ಹೀವ್-ಟು ಎನ್ನುತ್ತಾರೆ. ಮುಂದಿನ ಹಾಯಿಯ ಹಗ್ಗ ಬಿಚ್ಚದೆ ಟ್ಯಾಕ್ ಮಾಡಿ, ಅಂದರೆ ಮೂತಿ ಗಾಳಿಯನ್ನು ದಾಟುವಂತೆ ಇನ್ನೊಂದು ಬದಿಗೆ ತಿರುಗಿಸಿ. ಮೂತಿ ಗಾಳಿಯನ್ನು ದಾಟಿದ ಮೇಲೆ ಆ ಹಾಯಿ ತಿರುಗುಮುರುಗಾಗಿ ತುಂಬಿಕೊಳ್ಳುತ್ತದೆ. ದೊಡ್ಡ ಹಾಯಿಯನ್ನು ರೀಫ್ ಮಾಡಿ (ಮಡಿಚಿ ಚಿಕ್ಕದಾಗಿಸಿ) ಸ್ವಲ್ಪ ಸಡಿಲಿಸಿ, ಚುಕ್ಕಾಣಿ ತಿರುಗಿಸುವ ಕೋಲನ್ನು, ಅಂದರೆ ಟಿಲ್ಲರನ್ನು, ಗಾಳಿ ಹೋಗುವ ಕಡೆಗೆ ತಳ್ಳಿ ಕಟ್ಟಿಬಿಡಿ. ಚಕ್ರ ಇದ್ದರೆ ಗಾಳಿ ಬರುವ ಕಡೆಗೆ ಪೂರ್ತಿ ತಿರುಗಿಸಿ ಬಿಗಿಯಿರಿ. ಒಂದು ಹಾಯಿ ಮೂತಿಯನ್ನು ಆಚೆ ತಳ್ಳುತ್ತದೆ, ಚುಕ್ಕಾಣಿ ಈಚೆ ಎಳೆಯುತ್ತದೆ, ದೋಣಿ ಗಂಟೆಗೆ ಒಂದೆರಡು ನಾಟಿಕಲ್ ಮೈಲಿಯಂತೆ ಪಕ್ಕಕ್ಕೆ ಜಾರುತ್ತಾ ಸುಮ್ಮನಾಗುತ್ತದೆ. ಮಾಸ್ಟಿನ ತಂತಿ ಹೋಗಿದ್ದರೆ, ಚುಕ್ಕಾಣಿಯೇ ಹೋಗಿದ್ದರೆ ಇದು ನಡೆಯುವುದಿಲ್ಲ. ಅವಕ್ಕೆ ಮುಂದೆ ಬರುತ್ತೇವೆ. ಉಳಿದೆಲ್ಲಕ್ಕೂ ಇದೇ ಮೊದಲ ರಿಪೇರಿ. ಆಮೇಲೆ ಟೀ ಕಾಯಿಸಿ. ತಮಾಷೆಗೆ ಹೇಳುತ್ತಿಲ್ಲ, ಟೀ ಕಾಯುವಷ್ಟು ಹೊತ್ತಿನಲ್ಲಿ ನಿಜವಾದ ಕಾರಣ ಹೊಳೆಯುವುದುಂಟು, ಆತುರದಲ್ಲಿ ಬಿಚ್ಚಿದ್ದು ಬೇರೆಯದೇ ಆಗಿರುವುದುಂಟು.

ಬಿಚ್ಚುವ ಮೊದಲು ಫೋಟೊ ತೆಗೆಯಿರಿ. ಅಗಲದ ಪಾತ್ರೆಯ ತಳಕ್ಕೆ ಟವೆಲ್ ಹಾಸಿ, ಬಿಚ್ಚಿದ ಪ್ರತಿ ಸ್ಕ್ರೂ ಅದರೊಳಗೆ. ಡೆಕ್ ಮೇಲೆ ಕೆಲಸವಾದರೆ ಪ್ರತಿ ಹತ್ಯಾರಕ್ಕೂ ದಾರ, ದಾರದ ಇನ್ನೊಂದು ತುದಿ ನಿಮ್ಮ ಮಣಿಕಟ್ಟಿಗೆ. ಎಂಜಿನ್ ಕೋಣೆಯಲ್ಲಿ ತಲೆ ಕೆಳಗೆ ಮಾಡಿ ಕೂರಬೇಕಾಗಿದ್ದರೆ ವಾಂತಿ ಮಾತ್ರೆಯನ್ನು ಅರ್ಧ ಗಂಟೆ ಮೊದಲೇ ನುಂಗಿ. ಡೀಸೆಲ್ ವಾಸನೆಗೆ ಎಂಥವರ ಹೊಟ್ಟೆಯೂ ತೊಳೆಸುತ್ತದೆ.

ಎಂಜಿನ್

ದೋಣಿ ಹೊಯ್ದಾಡುವಾಗಲೇ ಎಂಜಿನ್ ನಿಲ್ಲುವುದಕ್ಕೆ ಕಾರಣ ಇದೆ. ಟ್ಯಾಂಕಿನ ತಳದಲ್ಲಿ ತಿಂಗಳುಗಟ್ಟಲೆ ಕೂತ ಕೆಸರು, ನೀರು, ಪಾಚಿಯಂಥ ಕೊಳೆ ಅಲೆಯ ಹೊಡೆತಕ್ಕೆ ಮೇಲೆದ್ದು ಫಿಲ್ಟರನ್ನು ಮುಚ್ಚುತ್ತದೆ. ಹೀಗೆ ನಿಂತ ಎಂಜಿನ್ ಮೊದಲು ಒಂದೆರಡು ಸಲ ಏದುಸಿರು ಬಿಟ್ಟು, ಆರ್‌ಪಿಎಂ ಏರಿಳಿದು ಆಮೇಲೆ ಆರುತ್ತದೆ. ಏರಿಳಿತ ಕಿವಿಗೆ ಬಿದ್ದ ಕೂಡಲೇ ಮೊದಲ ಫಿಲ್ಟರ್ ಬದಲಿಸಿ.

ಏರ್ ತೆಗೆಯುವ ಕ್ರಮ ಟ್ಯಾಂಕಿನಿಂದ ಎಂಜಿನ್ ಕಡೆಗೆ. ಮೊದಲ ಫಿಲ್ಟರಿನ ಸ್ಕ್ರೂ ಸಡಿಲಿಸಿ, ಲಿಫ್ಟ್ ಪಂಪಿನ ಸಣ್ಣ ಲಿವರನ್ನು ಬೆರಳಿನಿಂದ ಒತ್ತುತ್ತಾ ಹೋಗಿ. ನೊರೆ ಬರುತ್ತದೆ, ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ ಸ್ಕ್ರೂ ಬಿಗಿಯಿರಿ. ಆಮೇಲೆ ಎಂಜಿನ್ ಮೇಲಿನ ಎರಡನೇ ಫಿಲ್ಟರ್. ಆಮೇಲೆ ಇಂಜೆಕ್ಷನ್ ಪಂಪ್. ಕೊನೆಗೆ ಇಂಜೆಕ್ಟರ್ ಪೈಪಿನ ನಟ್ ಅರ್ಧ ಸುತ್ತು ಸಡಿಲಿಸಿ ಎಂಜಿನ್ ತಿರುಗಿಸಿ, ಅಲ್ಲಿ ಡೀಸೆಲ್ ಚಿಮ್ಮಿದರೆ ಬಿಗಿಯಿರಿ. ಈ ಚಿಮ್ಮುವ ಡೀಸೆಲ್ ಚರ್ಮ ತೂರುವಷ್ಟು ಒತ್ತಡದ್ದು, ಬೆರಳು ಅಡ್ಡ ಇಡಬೇಡಿ. ಲಿವರ್ ಒತ್ತಿದರೂ ಏನೂ ಹತ್ತದಿದ್ದರೆ ಎಂಜಿನ್ನನ್ನು ಒಂದು ಸುತ್ತು ತಿರುಗಿಸಿ ಮತ್ತೆ ಒತ್ತಿ. ಕ್ಯಾಮ್ ಎತ್ತರದಲ್ಲಿ ನಿಂತಿದ್ದರೆ ಲಿವರ್‌ಗೆ ಓಟ ಇರುವುದಿಲ್ಲ.

ಇಲ್ಲಿ ಪಂಪ್‌ಸೆಟ್ಟಿನವರೂ ಎಡವುವ ಜಾಗ ಒಂದಿದೆ. ದೋಣಿ ಎಂಜಿನ್ನಿನ ತಂಪಿನ ನೀರು ಕೊನೆಗೆ ಸೈಲೆನ್ಸರ್ ಡಬ್ಬಕ್ಕೆ ಬಂದು ಹೊಗೆಯ ಜೊತೆ ಹೊರಗೆ ಹೋಗುತ್ತದೆ. ಎಂಜಿನ್ ಹತ್ತದೆ ಬರೀ ಸ್ಟಾರ್ಟರ್ ತಿರುಗಿಸುತ್ತಿದ್ದರೆ ನೀರು ಬರುತ್ತದೆ, ತಳ್ಳುವ ಹೊಗೆ ಇಲ್ಲ. ಡಬ್ಬ ತುಂಬಿ ನೀರು ಹಿಂದಕ್ಕೆ ಸಿಲಿಂಡರಿಗೆ ಇಳಿದರೆ ಎಂಜಿನ್ ಮುಗಿಯಿತು. ಹೆಚ್ಚು ಹೊತ್ತು ತಿರುಗಿಸಬೇಕಾದಾಗ ನೀರಿನ ಸೀಕಾಕ್ ಮುಚ್ಚಿ, ಎಂಜಿನ್ ಹತ್ತಿದ ಕ್ಷಣವೇ ತೆರೆಯಿರಿ. ತೆರೆಯಲು ಮರೆಯದ ಹಾಗೆ ಒಬ್ಬರನ್ನು ಸೀಕಾಕ್ ಪಕ್ಕದಲ್ಲೇ ಕೂರಿಸಿ.

ಟ್ಯಾಂಕೇ ಕೊಳೆತಿದ್ದರೆ ಫಿಲ್ಟರ್ ಬದಲಿಸಿ ಬದಲಿಸಿ ಸೋಲುತ್ತೀರಿ. ಆಗ 20 ಲೀಟರಿನ ಕ್ಯಾನ್‌ಗೆ ಬಟ್ಟೆಯಲ್ಲಿ ಸೋಸಿದ ಶುದ್ಧ ಡೀಸೆಲ್ ತುಂಬಿ, ಎಂಜಿನ್ನಿಗಿಂತ ಎತ್ತರದಲ್ಲಿ ಭದ್ರವಾಗಿ ಕಟ್ಟಿ, ಅಲ್ಲಿಂದ ನೇರ ಹೋಸ್ ಕೊಡಿ. ವಾಪಸ್ ಬರುವ ಸಣ್ಣ ಹೋಸನ್ನೂ ಅದೇ ಕ್ಯಾನ್‌ಗೆ ಹಾಕಬೇಕು. ಇದನ್ನು ಮರೆತರೆ ಕ್ಯಾನಿನ ಡೀಸೆಲ್ ಹಳೆಯ ಟ್ಯಾಂಕಿಗೆ ಹೋಗಿ ಸೇರುತ್ತಿರುತ್ತದೆ.

ಹಿಂಭಾಗದಲ್ಲಿ ಹೊಗೆಯ ಜೊತೆ ನೀರು ಬರುತ್ತಿಲ್ಲವಾದರೆ ತಕ್ಷಣ ಎಂಜಿನ್ ಆರಿಸಿ. ಸೀಕಾಕ್ ತೆರೆದಿದೆಯೇ, ಜಾಲರಿಯಲ್ಲಿ ಪ್ಲಾಸ್ಟಿಕ್ ಸಿಕ್ಕಿದೆಯೇ, ಆಮೇಲೆ ಇಂಪೆಲ್ಲರ್. ಇಂಪೆಲ್ಲರಿನ ರೆಕ್ಕೆ ಮುರಿದಿದ್ದರೆ ಎಷ್ಟು ಮುರಿದಿದೆ ಎಣಿಸಿ, ಅಷ್ಟೂ ಚೂರು ಸಿಗುವವರೆಗೆ ಮುಂದಿನ ಹೋಸ್ ಮತ್ತು ಹೀಟ್ ಎಕ್ಸ್‌ಚೇಂಜರಿನ ಬಾಯಿ ಹುಡುಕಿ. ಒಂದು ಚೂರು ಉಳಿದರೂ ಹೊಸ ಇಂಪೆಲ್ಲರ್ ಹಾಕಿ ಎರಡು ದಿನಕ್ಕೆ ಎಂಜಿನ್ ಮತ್ತೆ ಬಿಸಿಯೇರುತ್ತದೆ. ಹೊಸದನ್ನು ಕೂರಿಸುವಾಗ ಪಾತ್ರೆ ತೊಳೆಯುವ ಸೋಪಿನ ದ್ರವ ಹಚ್ಚಿ. ಗ್ರೀಸ್ ರಬ್ಬರನ್ನು ತಿನ್ನುತ್ತದೆ.

ಪ್ರೊಪೆಲ್ಲರ್ ಶಾಫ್ಟ್ ಹೊರಗೆ ಹೋಗುವಲ್ಲಿನ ಗ್ಲ್ಯಾಂಡ್ ಪಂಪಿನ ಗ್ಲ್ಯಾಂಡೇ. ಹೊಸ ಪ್ಯಾಕಿಂಗ್ ಉಂಗುರಗಳ ಕೂಡುಗಳು ಒಂದರ ಮೇಲೊಂದು ಬರದಂತೆ ಸುತ್ತ ಹಂಚಿ. ಶಾಫ್ಟ್ ತಿರುಗುವಾಗ ನಿಮಿಷಕ್ಕೆ ಕೆಲವು ಹನಿ ತೊಟ್ಟಿಕ್ಕಬೇಕು. ಒಂದು ಹನಿಯೂ ಬರದ ಹಾಗೆ ಬಿಗಿದರೆ ಶಾಫ್ಟ್ ಸುಡುತ್ತದೆ.

ಕರೆಂಟು

ಕಡಲಲ್ಲಿ ಕರೆಂಟಿನ ತೊಂದರೆ ಅಂದರೆ ಹತ್ತಕ್ಕೆ ಎಂಟು ಪಾಲು ಕೂಡುಗಳ ತೊಂದರೆ. ಉಪ್ಪಿನ ತೇವಕ್ಕೆ ತಾಮ್ರ ಹಸಿರು ಕಿಲುಬು ಹಿಡಿಯುತ್ತದೆ, ವೋಲ್ಟೇಜ್ ಅಲ್ಲಿ ಕಳೆದುಹೋಗುತ್ತದೆ, ಪಂಪ್ ಸೊರಗುತ್ತದೆ, ಜನ ಪಂಪನ್ನು ಬಿಚ್ಚುತ್ತಾರೆ. ಬಿಚ್ಚಬೇಡಿ. ಪಂಪ್ ಓಡುತ್ತಿರುವಾಗಲೇ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಪಂಪಿನ ಪ್ಲಸ್‌ಗೆ ಇಡಿ. 12 ವೋಲ್ಟ್ ದೋಣಿಯಲ್ಲಿ 0.4ಕ್ಕಿಂತ ಹೆಚ್ಚು ತೋರಿಸಿದರೆ ನಡುವೆ ಎಲ್ಲೋ ಕೂಡು ಕೆಟ್ಟಿದೆ. ಎರಡನೇ ಕಡ್ಡಿಯನ್ನು ಫ್ಯೂಸ್, ಸ್ವಿಚ್, ಲಗ್ ಹೀಗೆ ಒಂದೊಂದೇ ಹೆಜ್ಜೆ ಬ್ಯಾಟರಿ ಕಡೆಗೆ ತನ್ನಿ. ಸಂಖ್ಯೆ ಎಲ್ಲಿ ದಿಢೀರನೆ ಇಳಿಯಿತೋ ಅದಕ್ಕೂ ಹಿಂದಿನ ಜಾಗಕ್ಕೂ ನಡುವೆ ಇದೆ ರೋಗ. ಮೈನಸ್ ಕಡೆಗೂ ಹಾಗೇ. ಸಿಕ್ಕ ಮೇಲೆ ತಂತಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ. ಕಪ್ಪಗಾದ ಎಳೆಗೆ ಎಷ್ಟು ಕ್ರಿಂಪ್ ಮಾಡಿದರೂ ವಾರಕ್ಕೆ ಬಿಡುತ್ತದೆ. ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಹಾಕಿ ಕಾಯಿಸಿ, ಮೇಲೆ ವ್ಯಾಸಲೀನ್.

ಚಾರ್ಜ್ ಆಗುತ್ತಿದೆಯೇ ಎಂದು ತಿಳಿಯಲು ಎಂಜಿನ್ ಓಡುವಾಗ ಬ್ಯಾಟರಿ ಮೇಲೆ 14 ವೋಲ್ಟ್‌ಗಿಂತ ಹೆಚ್ಚು ಇರಬೇಕು. ಸೀಸದ ಬ್ಯಾಟರಿ ಏನೂ ಕೆಲಸವಿಲ್ಲದೆ ಕೆಲವು ಗಂಟೆ ಕೂತಾಗ 12.7 ಇದ್ದರೆ ತುಂಬಿದೆ, 12.2 ಅರ್ಧ, 11.9ಕ್ಕೆ ಬಂದರೆ ಖಾಲಿ. ಲಿಥಿಯಂ ಬ್ಯಾಟರಿಗೆ ಈ ಲೆಕ್ಕ ಹಿಡಿಯಬೇಡಿ. ಇನ್ನೊಂದು ವಿಷಯ, ಲಿಥಿಯಂ ಬ್ಯಾಟರಿಯ ಒಳಗಿನ ಕಾವಲು ಸರ್ಕ್ಯೂಟ್ ಚಾರ್ಜ್ ನಡುವೆ ದಿಢೀರನೆ ಕಟ್ ಮಾಡಿದರೆ ಆಲ್ಟರ್ನೇಟರಿನ ಡಯೋಡ್ ಸುಡಬಹುದು. ಆ ಜೋಡಣೆ ಹೇಗಿದೆ ಎಂದು ಹೊರಡುವ ಮೊದಲೇ ಮಾಲೀಕರನ್ನು ಕೇಳಿ.

ಚಾರ್ಜಿಂಗ್ ಹೋಯಿತು ಎಂದು ಖಚಿತವಾದರೆ ಮೊದಲು ಆರಿಸಬೇಕಾದ್ದು ಫ್ರಿಜ್, ಎರಡನೆಯದು ಆಟೋಪೈಲಟ್. ಸದಾ 4 ಆಂಪ್ ಎಳೆಯುವ ಪೈಲಟ್ ದಿನಕ್ಕೆ 96 ಆಂಪ್-ಅವರ್ ನುಂಗುತ್ತದೆ. 100 ವ್ಯಾಟ್ ಸೋಲಾರ್ ಹಲಗೆ ಕಡಲಲ್ಲಿ ದಿನಕ್ಕೆ ಕೊಡುವುದು 25ರಿಂದ 30. ಲೆಕ್ಕ ತಾಳೆಯಾಗುವುದಿಲ್ಲ. ಆದರೆ ಎಲ್‌ಇಡಿ ದೀಪ (ದೋಣಿ ಬೇರೆಯವರಿಗೆ ಕಾಣಲು), ವಿಎಚ್‌ಎಫ್ ರೇಡಿಯೊ, ಒಂದು ಜಿಪಿಎಸ್‌ಗೆ ಅಷ್ಟು ಸಾಕು. ಎಂಜಿನ್ ಸ್ಟಾರ್ಟ್ ಬ್ಯಾಟರಿಯನ್ನು ಯಾವ ಕಾರಣಕ್ಕೂ ಇವುಗಳ ಜೊತೆ ಸೇರಿಸಬೇಡಿ.

ಪೈಲಟ್ ಇಲ್ಲದೆ ಕೈ ಬಿಟ್ಟು ಸಾಗಲು ಆ ಲೇಟೆಕ್ಸ್ ಟ್ಯೂಬ್. ಟಿಲ್ಲರ್ ಇರುವ ದೋಣಿಯಲ್ಲಿ ಮುಂದಿನ ಹಾಯಿಯ ಹಗ್ಗವನ್ನು ಗಾಳಿ ಬರುವ ಬದಿಯ ರಾಟೆಯ ಮೂಲಕ ತಂದು ಟಿಲ್ಲರ್‌ಗೆ ಕಟ್ಟಿ. ಎದುರು ಬದಿಯಿಂದ ಟ್ಯೂಬ್ ಎಳೆದು ಕಟ್ಟಿ. ಗಾಳಿ ಜೋರಾದರೆ ಹಗ್ಗ ಟಿಲ್ಲರನ್ನು ಎಳೆಯುತ್ತದೆ, ಮೂತಿ ಗಾಳಿಯಿಂದ ದೂರ ಸರಿಯುತ್ತದೆ. ಗಾಳಿ ಇಳಿದರೆ ಟ್ಯೂಬ್ ವಾಪಸ್ ತರುತ್ತದೆ. ಟ್ಯೂಬನ್ನು ಎಷ್ಟು ಎಳೆಯಬೇಕು ಎಂಬುದು ಅರ್ಧ ಗಂಟೆ ಕೂತು ನೋಡಿದರೆ ಸಿಗುತ್ತದೆ. ಕನ್ನಂಬಾಡಿ ಹಿನ್ನೀರಿನಲ್ಲಿ ಹಾಯಿದೋಣಿ ಸಿಕ್ಕಾಗ ಇದನ್ನೇ ಪ್ರಯೋಗ ಮಾಡಿ ನೋಡಿ.

ಚುಕ್ಕಾಣಿ

2017-18ರಲ್ಲಿ ಭೂಮಿ ಸುತ್ತಿಬಂದ ನೌಕಾಪಡೆಯ ಐಎನ್‌ಎಸ್‌ವಿ ತಾರಿಣಿ, ನುರಿತ ಆರು ಮಹಿಳಾ ಅಧಿಕಾರಿಗಳಿದ್ದ ದೋಣಿ, ಚುಕ್ಕಾಣಿ ತೊಂದರೆಯಿಂದ ಯೋಜನೆಯಲ್ಲಿ ಇಲ್ಲದಿದ್ದ ಮಾರಿಷಸ್‌ನ ಪೋರ್ಟ್ ಲೂಯಿಗೆ ಹೋಗಬೇಕಾಯಿತು. ಹಾದಿ ಬದಲಿಸಿ ಹತ್ತಿರದ ಬಂದರಿಗೆ ಹೋಗುವುದೂ ರಿಪೇರಿಯ ಒಂದು ಬಗೆ ಎಂದೇ ತಿಳಿಯಿರಿ.

ಚಕ್ರ ಸಡಿಲವಾಗಿ ಗಿರ್ರನೆ ತಿರುಗಿದರೆ ಹೋಗಿರುವುದು ತಂತಿ ಅಥವಾ ಚೈನ್, ಚುಕ್ಕಾಣಿಯಲ್ಲ. ಡೆಕ್ ಮೇಲಿನ ಮುಚ್ಚಳ ತೆಗೆದು ಚುಕ್ಕಾಣಿ ಕಂಬದ ತಲೆಗೆ ತುರ್ತು ಟಿಲ್ಲರ್ ಸಿಕ್ಕಿಸಿ. ಬಂದರಿನಲ್ಲೇ ಇದನ್ನು ಒಮ್ಮೆ ಹಾಕಿ ನೋಡಿರಬೇಕು: ಮುಚ್ಚಳ ಕಿಲುಬಿಗೆ ಕಚ್ಚಿಕೊಂಡಿರುತ್ತದೆ, ಟಿಲ್ಲರ್ ಚಕ್ರದ ಕಂಬಕ್ಕೆ ತಾಗಿ ಪೂರ್ತಿ ತಿರುಗುವುದಿಲ್ಲ, ಅದರ ಉದ್ದ ಸಾಲದೆ ಕೈ ಸೋಲುತ್ತದೆ. ಎರಡೂ ಬದಿಯ ವಿಂಚಿಗೆ (ಹಗ್ಗ ಬಿಗಿಯುವ ಉರುಳೆ) ಹಗ್ಗ ಎಳೆದು ನಡೆಸಿದರೆ ಬಲ ಉಳಿಯುತ್ತದೆ.

ಚಕ್ರ ಸರಿಯಿದ್ದು ದೋಣಿ ಕೇಳದಿದ್ದರೆ ಚುಕ್ಕಾಣಿಯ ಹಲಗೆಯೇ ಹೋಗಿದೆ. ಮೊದಲು ಚುಕ್ಕಾಣಿ ಕೊಳವೆಯ ಸುತ್ತ ನೀರು ಬರುತ್ತಿದೆಯಾ ನೋಡಿ. ಆಮೇಲೆ ದೊಡ್ಡ ಹಾಯಿ ಕಡಿಮೆ, ಮುಂದಿನ ಹಾಯಿ ಹೆಚ್ಚು ಮಾಡಿ ಮೂತಿ ಗಾಳಿಗೆ ಏರದಂತೆ ತೂಗಿಸಿ. ಹಿಂದೆ ಒಂದು ಡ್ರೋಗ್, ಅಂದರೆ ನೀರಿನಲ್ಲಿ ಎಳೆದುಕೊಂಡು ಬರುವ ಗಟ್ಟಿ ಬಟ್ಟೆಯ ಚೀಲ, ಒಂದೆರಡು ದೋಣಿಯುದ್ದ ಹಿಂದಕ್ಕೆ ಬಿಡಿ. ಅದು ನೀರ ಮೇಲೆ ಪುಟಿಯದಂತೆ ಮುಂದೆ ಎರಡು ಮೂರು ಮೀಟರ್ ಚೈನ್ ಇರಲಿ. ಎರಡು ಹಗ್ಗ ಎರಡೂ ಬದಿಗೆ. ಹಗ್ಗಗಳ ರಾಟೆಯನ್ನು ಹಿಂಭಾಗದ ತುದಿಗಿಂತ ದೋಣಿ ಅತಿ ಅಗಲವಾಗಿರುವ ಕಡೆ ಕಟ್ಟಿದರೆ ತಿರುವು ಚೆನ್ನಾಗಿ ಸಿಗುತ್ತದೆ. ಬಲಗಡೆ ಹಗ್ಗ ಎಳೆದರೆ ದೋಣಿ ಬಲಕ್ಕೆ. ಡ್ರೋಗ್ ಇಲ್ಲದಿದ್ದರೆ ಹಳೆಯ ಕಾರ್ ಟಯರಿಗೆ ಚೈನ್ ಸುತ್ತಿ ನಡೆಸಬಹುದು. ನಿಧಾನ, ಆದರೆ ದಿಕ್ಕು ಸಿಗುತ್ತದೆ.

ಮಾಸ್ಟ್ ಮತ್ತು ಅದರ ತಂತಿಗಳು

ಮಾಸ್ಟನ್ನು ಎರಡು ಪಕ್ಕದಿಂದ ಹಿಡಿದಿರುವುದು ಶ್ರೌಡ್, ಮುಂದಿನಿಂದ ಫೋರ್‌ಸ್ಟೇ, ಹಿಂದಿನಿಂದ ಬ್ಯಾಕ್‌ಸ್ಟೇ. ಒಂದು ಹೋದ ಕ್ಷಣದಲ್ಲಿ ಚುಕ್ಕಾಣಿ ಹಿಡಿದವರು ಯಾರನ್ನೂ ಕೇಳದೆ ಮಾಡಬೇಕಾದ್ದು ಇಷ್ಟು. ಗಾಳಿ ಬರುವ ಬದಿಯ ಶ್ರೌಡ್ ಹೋದರೆ ಕೂಡಲೇ ಟ್ಯಾಕ್ ಮಾಡಿ, ಭಾರ ಗಟ್ಟಿ ಬದಿಗೆ ಬೀಳಲಿ. ಫೋರ್‌ಸ್ಟೇ ಹೋದರೆ ಗಾಳಿಯ ಜೊತೆಗೆ ಓಡಿ, ಬಿಡಿ ಹ್ಯಾಲ್ಯಾರ್ಡ್ (ಹಾಯಿ ಏರಿಸುವ ಹಗ್ಗ) ಒಂದನ್ನು ಮೂತಿಗೆ ತಂದು ಬಿಗಿಯಿರಿ. ಬ್ಯಾಕ್‌ಸ್ಟೇ ಹೋದರೆ ಮೂತಿಯನ್ನು ಗಾಳಿಗೆ ತಿರುಗಿಸಿ, ದೊಡ್ಡ ಹಾಯಿಯ ಶೀಟ್ (ಹಾಯಿ ಎಳೆದು ಹಿಡಿಯುವ ಹಗ್ಗ) ಗಟ್ಟಿಯಾಗಿ ಎಳೆಯಿರಿ. ಆ ಹಾಯಿಯ ಹಿಂದಿನ ಅಂಚೇ ಸ್ವಲ್ಪ ಹೊತ್ತು ಬ್ಯಾಕ್‌ಸ್ಟೇ ಕೆಲಸ ಮಾಡುತ್ತದೆ. ಅಷ್ಟರಲ್ಲಿ ಬೂಮ್ (ದೊಡ್ಡ ಹಾಯಿಯ ಅಡಿಯ ಅಡ್ಡಕಂಬ) ಎತ್ತಿ ಹಿಡಿಯುವ ಟಾಪಿಂಗ್ ಲಿಫ್ಟ್ ಹಗ್ಗವನ್ನು ಹಿಂಭಾಗಕ್ಕೆ ತಂದು ಕಟ್ಟಿ.

ಹೋದ ತಂತಿಯ ಜಾಗಕ್ಕೆ ಡೈನೀಮಾ. ಹೆಣೆದ ಕಣ್ಣನ್ನು ಮೇಲೆ ಸಿಕ್ಕಿಸಿ, ಕೆಳಗೆ ತೆಳು ಡೈನೀಮಾವನ್ನು ಐದಾರು ಸುತ್ತು ಸುತ್ತಿ ಪ್ರತಿ ಸುತ್ತನ್ನೂ ಬಿಗಿಯಿರಿ. ಮೊದಲ ದಿನ ಅದು ಹಿಗ್ಗುತ್ತದೆ, ಪ್ರತಿ ಪಾಳಿಯಲ್ಲೂ ಮತ್ತೆ ಬಿಗಿಯಬೇಕು. ಬಿಡಿ ಉಕ್ಕಿನ ತಂತಿ ಒಯ್ಯುವುದಾದರೆ 7x7 ಅಥವಾ 7x19 ಹೆಣಿಗೆಯದು (ಏಳು ಹುರಿ, ಪ್ರತಿ ಹುರಿಯಲ್ಲಿ ಏಳು ಅಥವಾ ಹತ್ತೊಂಬತ್ತು ಎಳೆ), ಏಕೆಂದರೆ ಮಾಸ್ಟಿನ 1x19 ತಂತಿ ಕಣ್ಣಿನ ಸುತ್ತ ಬಾಗುವುದಿಲ್ಲ. ಮಡಿಚಿದ ತಂತಿ ಬಿಗಿಯುವ ಬುಲ್‌ಡಾಗ್ ಕ್ಲಿಪ್ ಮೂರು, ಒಂದಕ್ಕೊಂದು ತಂತಿ ದಪ್ಪದ ಆರು ಪಟ್ಟು ದೂರ. ಕ್ಲಿಪ್ಪಿನ ‘ಯು’ ಬೋಲ್ಟ್ ಕತ್ತರಿಸಿದ ತುದಿಯ ಕಡೆ, ತಟ್ಟೆಯ ಭಾಗ ಭಾರ ಹೊರುವ ಕಡೆ. ತಿರುಗುಮುರುಗಾದರೆ ‘ಯು’ ಭಾರದ ತಂತಿಯನ್ನೇ ಕಚ್ಚಿ ಕಡಿಯುತ್ತದೆ.

ತಂತಿ ಸಾಮಾನ್ಯವಾಗಿ ಒಡೆಯುವುದು ಕೆಳಗಿನ ಟರ್ಮಿನಲ್ ಒಳಗೆ ಹೋಗುವ ಬಾಯಲ್ಲಿ, ನೀರು ಇಳಿದು ನಿಲ್ಲುವ ಜಾಗ ಅದು. ವಾರಕ್ಕೊಮ್ಮೆ ಅಲ್ಲಿ ಹತ್ತಿ ಉಂಡೆ ಸುತ್ತಿ ಒರೆಸಿ. ಹತ್ತಿ ಸಿಕ್ಕಿಕೊಂಡರೆ ಒಂದು ಎಳೆ ಎದ್ದಿದೆ. ಹತ್ತೊಂಬತ್ತರಲ್ಲಿ ಒಂದು ತಾನೆ ಎನ್ನಬೇಡಿ. ಉಳಿದವೂ ಅದೇ ವಯಸ್ಸಿನವು.

ಮಾಸ್ಟೇ ಬಿದ್ದರೆ, ನೀರಿನಲ್ಲಿರುವ ಹಗ್ಗಗಳನ್ನೆಲ್ಲ ಮೇಲೆಳೆಯುವವರೆಗೆ ಎಂಜಿನ್ ಮುಟ್ಟಬೇಡಿ. ಪ್ರೊಪೆಲ್ಲರಿಗೆ ಹಗ್ಗ ಸುತ್ತಿದರೆ ಇದ್ದ ಒಂದು ಬಲವೂ ಹೋಯಿತು. ಮುರಿದ ಮಾಸ್ಟ್ ಅಲೆಗೆ ಹಲ್ ಗುದ್ದುತ್ತಿದ್ದರೆ ಅದನ್ನು ಬಿಟ್ಟುಕೊಡಿ. ಸ್ಪ್ಲಿಟ್ ಪಿನ್ ಎಳೆದು, ತಂತಿಯ ಬುಡ ಹಿಡಿದಿರುವ ಕ್ಲೆವಿಸ್ ಪಿನ್ ಹೊಡೆದು ತೆಗೆಯುವುದು ಬೇಗ. ಅದು ಬಾರದಿದ್ದರೆ ಬೋಲ್ಟ್ ಕಟರ್, ಅದೂ ಸೋತರೆ ಹ್ಯಾಕ್ಸಾ. ಗುದ್ದುತ್ತಿಲ್ಲವಾದರೆ ಬೂಮ್, ಹಾಯಿ, ಸಾಧ್ಯವಾದಷ್ಟು ತಂತಿ ಉಳಿಸಿಕೊಳ್ಳಿ. ಬೂಮನ್ನೇ ನಿಲ್ಲಿಸಿ ಸಣ್ಣ ಹಾಯಿ ಕಟ್ಟಿ ಬಂದರು ಸೇರಿದವರು ಬಹಳ ಜನ ಇದ್ದಾರೆ.

ನೀರು: ಒಳಗೆ ಬರುವುದು, ಕುಡಿಯುವುದು

ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ 5 ಸೆಂ.ಮೀ. ತೂತಾದರೆ ನಿಮಿಷಕ್ಕೆ 200 ಲೀಟರಿಗೂ ಹೆಚ್ಚು ಒಳಗೆ ಬರುತ್ತದೆ. ಕೈ ಪಂಪಿನಿಂದ ಅದನ್ನು ಗೆಲ್ಲಲಾಗದು, ಆದ್ದರಿಂದ ಪಂಪ್ ಮಾಡುವುದಕ್ಕಿಂತ ತೂತು ಹುಡುಕಲು ಜನ ಹಾಕಿ. ಸೀಕಾಕ್ ಮುರಿದಿದ್ದರೆ ಬಿರಟೆ ಹೊಡೆಯಿರಿ. ಹಲ್ ಬಿರಿದಿದ್ದರೆ ಒಳಗಿನಿಂದ ದಿಂಬು, ಅದರ ಮೇಲೆ ಹಲಗೆ, ಹಲಗೆಗೆ ಅಡ್ಡಗೋಲು. ಹೊರಗಿನಿಂದ ಹಾಯಿಯನ್ನು ತೂತಿನ ಮೇಲೆ ಎಳೆದರೆ ನೀರಿನ ಒತ್ತಡವೇ ಅದನ್ನು ಅಂಟಿಸುತ್ತದೆ. ಹೊರಡುವ ಮೊದಲು ಟಿನ್ ಡಬ್ಬಗಳ ಕಾಗದದ ಲೇಬಲ್ ಕಿತ್ತು, ಒಳಗೇನಿದೆ ಎಂದು ಮಾರ್ಕರ್‌ನಲ್ಲಿ ಬರೆದಿಡಿ. ಬಿಲ್ಜ್ ಪಂಪಿನ ಜಾಲರಿ ಮುಚ್ಚುವುದು ನೆನೆದ ಲೇಬಲ್‌ಗಳಿಂದಲೇ.

ಕುಡಿಯಲು, ಅಡುಗೆಗೆ ಸೇರಿ ಒಬ್ಬರಿಗೆ ದಿನಕ್ಕೆ 4 ಲೀಟರ್ ಹಿಡಿಯಿರಿ. ಸಮುದ್ರದ ನೀರನ್ನು ಸಿಹಿ ಮಾಡುವ ವಾಟರ್‌ಮೇಕರ್ ಇದೆ ಎಂದು ಟ್ಯಾಂಕ್ ಖಾಲಿ ಬಿಡಬೇಡಿ. ಸುಮಾರು 55 ಬಾರ್ ಒತ್ತಡದಲ್ಲಿ ಕೆಲಸ ಮಾಡುವ ಪಂಪ್ ಅದು, ಒಂದು ಸೀಲ್ ಸಾಕು ಕೈಕೊಡಲು. ಅದರ ಉಪ್ಪು ಸೋಸುವ ಮೆಂಬ್ರೇನನ್ನು ಕ್ಲೋರಿನ್ ಹಾಕಿದ ನಲ್ಲಿ ನೀರಿನಲ್ಲಿ ತೊಳೆದರೆ ಹಾಳಾಗುತ್ತದೆ, ಇಂಗಾಲದ ಫಿಲ್ಟರ್ ಮೂಲಕವೇ ತೊಳೆಯಬೇಕು. ಟ್ಯಾಂಕ್ ಎರಡಿರಲಿ, ಜೊತೆಗೆ ಕ್ಯಾನ್‌ಗಳು.

ಹಾಯಿ ಹರಿದರೆ ಸಿಹಿನೀರಿನಲ್ಲಿ ಒರೆಸಿ, ಒಣಗಿಸಿ, ಸ್ಪಿರಿಟ್ ಹಚ್ಚಿ, ಎರಡೂ ಬದಿಗೆ ರಿಪೇರಿ ಟೇಪ್ ಅಂಟಿಸಿ, ಅಂಚಿಗೆ ಮೇಣದ ದಾರದ ಹೊಲಿಗೆ. ಉಪ್ಪಿನ ಮೇಲೆ ಟೇಪ್ ನಿಲ್ಲುವುದಿಲ್ಲ. ಇದಕ್ಕಿಂತ ಹೆಚ್ಚು ಹೇಳುವುದಿಲ್ಲ.

ನೆರವು ಕೇಳುವುದು

ಕೈಮೀರುವ ಮುಂಚೆ ಕೇಳಿ. ಜೀವಕ್ಕೆ ಅಪಾಯವಿಲ್ಲ ಆದರೆ ಪರಿಸ್ಥಿತಿ ಕೆಡುತ್ತಿದೆ ಎಂದರೆ ವಿಎಚ್‌ಎಫ್ 16ನೇ ಚಾನೆಲ್‌ನಲ್ಲಿ ಮೂರು ಸಲ ‘ಪ್ಯಾನ್-ಪ್ಯಾನ್’. ಮುಳುಗುವ, ಸಾಯುವ ಅಪಾಯಕ್ಕೆ ‘ಮೇಡೇ’. ಈ ರೇಡಿಯೊ ಕೆಲವು ಹತ್ತು ಮೈಲಿ ಮಾತ್ರ ಕೇಳುತ್ತದೆ. ದೂರದಲ್ಲಿ ನಂಬಬೇಕಾದ್ದು ಇಪರ್ಬ್ (EPIRB), ಅಂದರೆ ಅಪಾಯದ ಸಂಕೇತ ಕಳಿಸುವ ಚಿಕ್ಕ ಸಾಧನ. ಅದರ 406 ಮೆಗಾಹರ್ಟ್ಸ್ ಸಂಕೇತ ಉಪಗ್ರಹಕ್ಕೆ ಹೋಗುತ್ತದೆ. ನಮ್ಮ ಕಡಲಿನ ಸಂಕೇತಗಳನ್ನು ಬೆಂಗಳೂರಿನಲ್ಲಿ ಇಸ್ರೋದ ಇಸ್ಟ್ರಾಕ್‌ನಲ್ಲಿರುವ ಭಾರತೀಯ ಮಿಷನ್ ಕಂಟ್ರೋಲ್ ಸೆಂಟರ್ ಬಿಡಿಸಿ ಕೋಸ್ಟ್ ಗಾರ್ಡ್‌ನ ರಕ್ಷಣಾ ಕೇಂದ್ರಗಳಿಗೆ ದಾಟಿಸುತ್ತದೆ. ಒಮ್ಮೆ ಚಾಲೂ ಮಾಡಿದರೆ ಆರಿಸಬೇಡಿ, ಬ್ಯಾಟರಿ ಕನಿಷ್ಠ 48 ಗಂಟೆ ಬರುತ್ತದೆ. ಸ್ಯಾಟಲೈಟ್ ಫೋನನ್ನು ಅನುಮತಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವುದು ಅಪರಾಧ, ವಿದೇಶದಿಂದ ತಂದ ಸಣ್ಣ ಸ್ಯಾಟಲೈಟ್ ಮೆಸೇಜ್ ಸಾಧನವನ್ನೂ ವಿಚಾರಿಸಿಯೇ ಒಯ್ಯಿರಿ.

ನೆರವು ಬರಲು ಎಷ್ಟು ಹೊತ್ತು ಎಂಬ ಅಂದಾಜಿಗೆ ಒಬ್ಬರೇ ಭೂಮಿ ಸುತ್ತುವ ಹಾಯಿದೋಣಿ ಸ್ಪರ್ಧೆಯಲ್ಲಿದ್ದ ನೌಕಾಪಡೆ ಅಧಿಕಾರಿ ಅಭಿಲಾಷ್ ಟೋಮಿ ಅವರ ಪ್ರಸಂಗ ಸಾಕು. 2018ರ ಸೆಪ್ಟೆಂಬರ್ 21ರಂದು ಪರ್ತ್‌ನಿಂದ ಸುಮಾರು 1,900 ನಾಟಿಕಲ್ ಮೈಲಿ ದೂರದಲ್ಲಿ ಅವರ ದೋಣಿ ಮಗುಚಿ ಮಾಸ್ಟ್ ಮುರಿಯಿತು, ಬೆನ್ನಿಗೆ ಪೆಟ್ಟಾಗಿ ಏಳಲಾಗಲಿಲ್ಲ. ಫ್ರಾನ್ಸಿನ ಒಸಿರಿಸ್ ಹಡಗು ಅವರನ್ನು ತಲುಪಿದ್ದು 24ರಂದು. ಮೂರು ದಿನದ ನೀರು, ಔಷಧಿ ಮಲಗಿದ ಕೈಗೆ ಎಟುಕುವಂತೆ ಎಲ್ಲಿಡಬೇಕು ಎಂಬುದನ್ನು ಇದರಿಂದಲೇ ಲೆಕ್ಕ ಹಾಕಿ.

ಇಪರ್ಬ್ ನೋಂದಣಿಯಲ್ಲಿ ತುರ್ತು ಸಂಪರ್ಕಕ್ಕೆ ಮನೆಯವರ ನಂಬರ್ ಕೊಡುತ್ತೀರಿ. ಸಂಕೇತ ಹೊರಟರೆ ರಕ್ಷಣಾ ಕೇಂದ್ರದವರು ಫೋನ್ ಮಾಡುವುದು ಅವರಿಗೆ. ಕುವೆಂಪುನಗರದಲ್ಲೋ ಮದ್ದೂರಿನಲ್ಲೋ ಇರುವ ಅಮ್ಮನಿಗೆ, ಅಣ್ಣನಿಗೆ ರಾತ್ರಿ ಎರಡು ಗಂಟೆಗೆ ಅಪರಿಚಿತ ನಂಬರಿನಿಂದ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಕರೆ ಬರುತ್ತದೆ. ವಂಚನೆಯ ಕರೆ ಎಂದು ಕಟ್ ಮಾಡಿಬಿಡುವ ಸಾಧ್ಯತೆಯೇ ಹೆಚ್ಚು. ಆದ್ದರಿಂದ ಒಂದು ಹಾಳೆ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ ಹೊರಡಿ: ದೋಣಿಯ ಹೆಸರು, ಉದ್ದ, ಹಲ್ ಮತ್ತು ಹಾಯಿಯ ಬಣ್ಣ, ಒಂದು ಫೋಟೊ, ಯಾರ‍್ಯಾರು ಇದ್ದೇವೆ, ಯಾವ ಬಂದರಿನಿಂದ ಯಾವುದಕ್ಕೆ, ಯಾವಾಗ ತಲುಪಬಹುದು, ಯಾರಿಗೆ ಏನು ಕಾಯಿಲೆ, ಏನು ಮಾತ್ರೆ. ಕರೆ ಮಾಡಿದವರಿಗೆ ಇದನ್ನು ಓದಿ ಹೇಳಿದರೆ ಸಾಕು. ಕೆಳಗೆ ಕೋಸ್ಟ್ ಗಾರ್ಡ್ ಸಹಾಯವಾಣಿ 1554. ಜೊತೆಗೆ ಇನ್ನೊಂದು ಸಾಲು: ಫೋನಿನ ನಕ್ಷೆಯಲ್ಲಿ ನಮ್ಮ ಚುಕ್ಕೆ ನಿಂತರೆ ಕೆಟ್ಟಿರುವುದು ಬಹುಶಃ ದೋಣಿ ಎಲ್ಲಿದೆ ಎಂದು ತೋರಿಸುವ ಟ್ರ್ಯಾಕರ್. ಎಷ್ಟು ಗಂಟೆ ಸುದ್ದಿ ಇಲ್ಲದಿದ್ದರೆ ಆ ನಂಬರಿಗೆ ಕರೆ ಮಾಡಬೇಕು ಎಂಬುದನ್ನು ನೀವೂ ಮನೆಯವರೂ ಕೂತು ನಿರ್ಧರಿಸಿ, ಆ ಸಂಖ್ಯೆಯನ್ನೂ ಅಲ್ಲೇ ಬರೆಯಿರಿ.